ಕುಂಡದ ಬ್ರಹ್ಮಕಮಲದಲ್ಲಿ ಒಂದೇ ರಾತ್ರಿ 17 ಹೂ: ನನ್ನ ಅನುಭವ

ಕಳೆದ ಆಷಾಢದ ಒಂದು ರಾತ್ರಿ ಮೈಸೂರಿನ ನಮ್ಮ ಮನೆಯ ಬಾಲ್ಕನಿಯಲ್ಲಿ 17 ಬ್ರಹ್ಮಕಮಲಗಳು ಒಟ್ಟಿಗೆ ಅರಳಿದವು. ‘ಇದು ಕುಂಡದಲ್ಲಿ ಹೂ ಬಿಡುವ ಗಿಡವಲ್ಲ, ನೆಲಕ್ಕೆ ಹಾಕಿ’ ಎಂದು ನಾಲ್ಕು ವರ್ಷ ಹೇಳುತ್ತ ಬಂದಿದ್ದ ಪಕ್ಕದ ಮನೆಯವರೇ ಅಂದು ಆರತಿ ತಟ್ಟೆ ಹಿಡಿದು ಬಂದರು.

ಸಾಗರದಿಂದ ಅತ್ತೆಯವರು ಕೊಟ್ಟ ಮೊದಲ ತುಂಡು ಕೊಳೆತುಹೋಗಿತ್ತು. ಕೊಯ್ದ ಜಾಗ ಒಣಗುವ ಮೊದಲೇ ಕೆಮ್ಮಣ್ಣಿಗೆ ಊರಿ ದಿನವೂ ನೀರು ಹಾಕಿದ್ದೇ ಕಾರಣ. ಮರುವರ್ಷ ನರ್ಸರಿಯೊಂದರಿಂದ ಸುಮಾರು 350 ರೂಪಾಯಿಗೆ ಬೆಳೆದ ಗಿಡ ತಂದು, ದೊಡ್ಡ ಕುಂಡ, ಕೊಟ್ಟಿಗೆ ಗೊಬ್ಬರ, ತಿಂಗಳಿಗೊಮ್ಮೆ ಯೂರಿಯಾ ಎಂದು ಎರಡು ವರ್ಷದಲ್ಲಿ ಎರಡೂವರೆ ಸಾವಿರದಷ್ಟು ಸುರಿದೆ. ಆರಡಿ ಉದ್ದದ ಚಾಟಿಯಂಥ ಕಾಂಡಗಳು ಬಂದವೇ ಹೊರತು ಒಂದು ಮೊಗ್ಗೂ ಕಾಣಲಿಲ್ಲ. ಹಿಮಾಲಯದ ಗಿಡವೆಂದು ನಂಬಿ ಪೂರ್ತಿ ನೆರಳಿನಲ್ಲಿ ಇಟ್ಟಿದ್ದೂ ತಪ್ಪಾಗಿತ್ತು. ಉತ್ತರಾಖಂಡದ ರಾಜ್ಯಪುಷ್ಪವಾದ ಬ್ರಹ್ಮಕಮಲವೇ ಬೇರೆ. ನಮ್ಮ ಮನೆಗಳಲ್ಲಿರುವುದು ಮೆಕ್ಸಿಕೊ ಮತ್ತು ಮಧ್ಯ ಅಮೆರಿಕದ ಕಾಡುಗಳಲ್ಲಿ ಮರದ ಮೇಲೆ ಬೆಳೆಯುವ ಕಳ್ಳಿಯ ಜಾತಿಯದು.

ಮರದ ಕವಲಿನಲ್ಲಿ ಅದಕ್ಕೆ ಸಿಗುವ ಮಣ್ಣೆಷ್ಟು ಎಂದು ಯೋಚಿಸಿದ ಮೇಲೆ ನನ್ನ ಕ್ರಮವೇ ಬದಲಾಯಿತು. ಗಿಡವನ್ನು ಎಂಟು ಇಂಚಿನ ಕುಂಡಕ್ಕೆ ಇಳಿಸಿ, ಅರ್ಧದಷ್ಟು ತೆಂಗಿನ ಸಿಪ್ಪೆಯ ಚೂರು, ಉಳಿದದ್ದು ಮಣ್ಣು, ಇದ್ದಿಲು ಮತ್ತು ಹೆಂಚಿನ ಚೂರು ತುಂಬಿ, ಬೆಳಗಿನ ಎಳೆಬಿಸಿಲು ಎರಡು ಗಂಟೆ ಬೀಳುವ ಪೂರ್ವದ ಮೂಲೆಗೆ ಇಟ್ಟೆ. ಯೂರಿಯಾ ನಿಲ್ಲಿಸಿ, ಡಿಸೆಂಬರಿನಿಂದ ಫೆಬ್ರುವರಿವರೆಗೆ ಹದಿನೈದು ದಿನಕ್ಕೊಮ್ಮೆ ಮಾತ್ರ ನೀರು ಕೊಟ್ಟೆ. ಕಾಂಡಗಳು ಸ್ವಲ್ಪ ಸುಕ್ಕುಗಟ್ಟಿದಾಗ ಮನೆಯವರೆಲ್ಲ ಗಾಬರಿಯಾದರೂ ನಾನು ಹಟ ಬಿಡಲಿಲ್ಲ. ಮಾರ್ಚಿನಲ್ಲಿ ಬಾಳೆಸಿಪ್ಪೆ ಮತ್ತು ಬೂದಿಯಿಂದ ಒಂದು ದ್ರಾವಣ ಮಾಡಿ ಹಾಕುತ್ತೇನೆ. ಅದರ ಅಳತೆಯನ್ನೂ, ಅದಕ್ಕೆ ಸೇರಿಸುವ ಮೂರನೆಯ ವಸ್ತುವನ್ನೂ ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ಜೂನ್ ಕೊನೆಗೆ ಕಾಂಡದ ಅಂಚಿನ ಕಚ್ಚುಗಳಲ್ಲಿ ಅಕ್ಕಿಕಾಳಿನಷ್ಟು ಕೆಂಪು ಚುಕ್ಕೆಗಳು ಮೂಡಿದವು. ಮೊಗ್ಗು ಹಿಡಿದ ಮೇಲೆ ಕುಂಡದ ದಿಕ್ಕು ಬದಲಿಸಿದರೆ ಏನಾಗುತ್ತದೆಂದು ನೋಡಲು ಇನ್ನೊಂದು ಸಣ್ಣ ಕುಂಡವನ್ನು ತಿರುಗಿಸಿ ಇಟ್ಟೆ. ಅದರ ಆರು ಮೊಗ್ಗುಗಳಲ್ಲಿ ಐದು ಉದುರಿದವು. ಅರಳಿದ ರಾತ್ರಿ ಒಂದೆಂಟು ಹೂಗಳಿಗೆ ಕುಂಚದಿಂದ ಪರಾಗ ಮುಟ್ಟಿಸಿದೆ. ಒಂದೂ ಕಾಯಿ ಕಟ್ಟಲಿಲ್ಲ. ಎರಡೂ ಕುಂಡದಲ್ಲಿ ಇರುವುದು ಒಂದೇ ತಾಯಿಗಿಡದ ತುಂಡುಗಳಾದ್ದರಿಂದ, ತನ್ನದೇ ಪರಾಗ ತನಗೆ ಹಿಡಿಯದೆ ಹೀಗಾಯಿತೆಂದು ನನ್ನ ಎಣಿಕೆ.

ಜೋತುಬಿದ್ದಿದ್ದ ಮೊಗ್ಗು ಕೊಕ್ಕರೆಯಂತೆ ಕತ್ತೆತ್ತಿತೆಂದರೆ ಒಂದೆರಡು ದಿನದಲ್ಲಿ ಅರಳುತ್ತದೆಂದು ಅರ್ಥ. ಅಂದು ಎಂಟೂವರೆಗೆ ತುದಿ ಬಿರಿಯಿತು, ಹನ್ನೊಂದಕ್ಕೆ ಪೂರ್ತಿ ಅರಳಿತು. ಕೇಸರಗಳ ಹಾಸಿನ ಮೇಲೆ ಚಾಚಿದ ಬಿಳಿಯ ನಕ್ಷತ್ರದಂಥ ಶಲಾಕಾಗ್ರವನ್ನು (ಪರಾಗ ಹಿಡಿಯುವ ಹೆಣ್ಣುಭಾಗದ ತುದಿ) ತೋರಿಸಿ ಅತ್ತೆಯವರು ‘ಶೇಷಶಯನ’ ಎಂದು ಕೈಮುಗಿದರು. ಬೆಳಗಿನ ಐದೂವರೆಗೆ ಹದಿನೇಳೂ ಬಾಡಿದ್ದವು. ಈಗ ಅದೇ ಗಿಡದ ಹತ್ತು ತುಂಡುಗಳನ್ನು ಒಂದು ವಾರ ನೆರಳಿನಲ್ಲಿ ಒಣಗಿಸಿ ನೆಟ್ಟಿದ್ದೇನೆ. ಅವುಗಳಲ್ಲಿ ಎರಡು ಪಕ್ಕದ ಮನೆಗೆ.