ಪಕ್ಕದ ಮನೆ ಬಾಲ್ಕನಿಗೆ ಬಿದಿರಿನ ಮರೆ

ಮೈಸೂರಲ್ಲಿ ನಮ್ಮದು ನಲವತ್ತು–ಅರವತ್ತರ ಸೈಟು. ಹಿತ್ತಲಲ್ಲಿ ಒಗೆಯುವ ಕಲ್ಲು, ಬಟ್ಟೆ ತಂತಿ, ಒಂದು ನುಗ್ಗೆ ಮರ. ಪಕ್ಕದವರು ಮಹಡಿ ಕಟ್ಟಿ ನಮ್ಮ ಕಡೆಗೇ ಬಾಲ್ಕನಿ ಇಟ್ಟ ಮೇಲೆ ಅತ್ತೆ ತಲೆ ಒಣಗಿಸಲು ಹಿತ್ತಲಿಗೆ ಬರುವುದನ್ನೇ ಬಿಟ್ಟರು. ಅವರೇನು ಬೇಕಂತ ನೋಡುವವರಲ್ಲ, ಪಾಪ. ಕಾಫಿ ಲೋಟ ಹಿಡಿದು ನಿಂತರೆ ಕಣ್ಣು ಇನ್ನೆಲ್ಲಿಗೆ ಹೋಗಬೇಕು? ಗೋಡೆ ಎತ್ತರಿಸಿದರೆ ಗಾಳಿ, ಬೆಳಕು ಎರಡಕ್ಕೂ ಕುತ್ತು. ಬಿದಿರು ಹಾಕೋಣ ಅಂತಾಯಿತು.

ಮೊದಲ ಸಲ ಎಡವಿದೆ. ಹಳದಿ ಗಳ, ಅದರ ಮೇಲೆ ಬ್ರಷ್ಷಲ್ಲಿ ಎಳೆದ ಹಾಗೆ ಹಸಿರು ಗೆರೆ. ಚೆಂದಕ್ಕೆ ಮರುಳಾಗಿ ಐದು ಸಸಿ ತಂದು, ಗೋಡೆಯಿಂದ ಒಂದೇ ಅಡಿ ಬಿಟ್ಟು ನೆಟ್ಟೆ. ಅದು ಪಾರ್ಕಿಗೆ ಸರಿ, ಹಿತ್ತಲಿಗಲ್ಲ. ಮೂರನೇ ಮಳೆಗಾಲಕ್ಕೆ ಮಹಡಿ ದಾಟಿತು. ಗೋಡೆ ಬಿರುಕು ಬಿಟ್ಟಿತು, ಎಲೆಯೆಲ್ಲ ಅವರ ಟೆರೇಸಿನ ಮೇಲೆ. ಮರೆ ಬೇಕಾದ ಎತ್ತರದಲ್ಲಿ ಮಾತ್ರ ಬರೀ ಬೋಳು ಗಳ! ಹಾರೆ, ಕೊಡಲಿ ಹಿಡಿದು ಇಬ್ಬರು ಆಳು ಎರಡು ದಿನ ಬುಡ ಕಿತ್ತರು.

ಮರೆಗೆ ಬೇಕಾದ್ದು ಬಾಂಬುಸಾ ಮಲ್ಟಿಪ್ಲೆಕ್ಸ್. ನರ್ಸರಿಯಲ್ಲಿ ಹೆಡ್ಜ್ ಬ್ಯಾಂಬೂ ಅಂತ ಕೇಳಿ. ಸಿನಿಮಾ ಥಿಯೇಟರ್ ನೆಡ್ತೀಯಾ ಅಂತ ಮಗ ನಕ್ಕ. ಗಳ ಬೆರಳು ಗಾತ್ರ, ಎತ್ತರ 10ರಿಂದ 20 ಅಡಿ, ಎಲೆ ಕೆಳಗಿನಿಂದಲೇ ದಟ್ಟ. ಕಾಡಿನ ಹೆಬ್ಬಿದಿರಿನ ಹಾಗೆ ಮುಳ್ಳಿಲ್ಲ. ಗೋಲ್ಡನ್ ಬ್ಯಾಂಬೂ ಅನ್ನುವ ಹೆಸರನ್ನು ಮಾತ್ರ ನಂಬಬೇಡಿ. ನನ್ನನ್ನು ಕೆಡವಿದ ಹಳದಿ ಬಿದಿರಿಗೂ ಅದೇ ಹೆಸರು, ಫಿಲ್ಲೊಸ್ಟಾಕಿಸ್ ಆರಿಯಾ ಅನ್ನುವ ಓಡುವ ಬಿದಿರಿಗೂ ಅದೇ ಹೆಸರು.

ಓಡುವುದು ಅಂದರೆ ಗೆಡ್ಡೆ ಮಣ್ಣೊಳಗೆ ಉದ್ದಕ್ಕೆ ಹರಿದು, ನೆಟ್ಟ ಜಾಗ ಬಿಟ್ಟು ಎಲ್ಲೆಲ್ಲೋ ತಲೆ ಎತ್ತುವುದು. ನಮಗೆ ಬೇಕಾದ್ದು ಒಂದೇ ಕಡೆ ಮೆಳೆ ಕಟ್ಟುವ ಜಾತಿ. ಕೊಳ್ಳುವ ಮುಂಚೆ ಒಂದು ಸಸಿಯನ್ನು ಕವರಿನಿಂದ ಮೆಲ್ಲಗೆ ಹೊರಗೆಳೆದು ತೋರಿಸಲು ಹೇಳಿ. ಗೆಡ್ಡೆ ಗಿಡ್ಡವಾಗಿ, ಶುಂಠಿಯ ಬೆರಳಿನಂತೆ ಮೇಲಕ್ಕೆ ಬಾಗಿದ್ದರೆ ಮೆಳೆಯ ಜಾತಿ. ಕವರಿನ ಒಳಗೋಡೆಯುದ್ದಕ್ಕೂ ಗಿಣ್ಣು ಗಿಣ್ಣಾದ ಬಳ್ಳಿಯಂತೆ ಸುತ್ತಿದ್ದರೆ ವಾಪಸ್ ಇಟ್ಟು ಬನ್ನಿ.

ನೆಡಲು ಜೂನ್ ಒಳ್ಳೆಯದು, ಮಳೆ ಹಿಡಿದ ಮೇಲೆ. ಗೋಡೆಯಿಂದ ಮೂರಡಿ, ಸಸಿಯಿಂದ ಸಸಿಗೆ ಮೂರಡಿ. ನಮ್ಮ 20 ಅಡಿ ಗೋಡೆಗೆ ಏಳು ಸಸಿ ಸಾಕಾಯಿತು. ಸಂಪು, ಡ್ರೈನೇಜ್ ಪೈಪು ಎಲ್ಲಿದೆ ಅಂತ ಮೊದಲೇ ನೋಡಿಕೊಳ್ಳಿ. ಎರಡಡಿ ಉದ್ದ, ಅಗಲ, ಆಳದ ಗುಂಡಿಗೆ ಒಂದು ಬುಟ್ಟಿ ಕಳಿತ ಸಗಣಿ ಗೊಬ್ಬರ, ಎರಡು ಹಿಡಿ ಬೇವಿನ ಹಿಂಡಿ. ಬುಡದಲ್ಲಿ ನೀರು ನಿಲ್ಲಬಾರದು. ಮೊದಲ ಎರಡು ಬೇಸಿಗೆ ವಾರಕ್ಕೆ ಎರಡು ಮೂರು ಸಲ ಪಾತಿ ತುಂಬ ನೀರು. ಉದುರಿದ ಎಲೆ ಗುಡಿಸಬೇಡಿ, ಬುಡಕ್ಕೇ ಹೊದಿಸಿ. ನಮ್ಮ ಕೆಲಸದವಳಿಗೆ ಇದನ್ನು ಒಪ್ಪಿಸಲು ಒಂದು ವರ್ಷ ಹಿಡಿಯಿತು.

ಮೊದಲ ವರ್ಷ ಏನೂ ಆಗಲ್ಲ. ಎಲೆ ಹಳದಿಯಾಗುತ್ತದೆ, ಸತ್ತೇ ಹೋಯಿತು ಅನ್ನಿಸುತ್ತದೆ. ಅದು ಕೆಳಗೆ ಗೆಡ್ಡೆ ಕಟ್ಟುತ್ತಿರುತ್ತದೆ, ಸುಮ್ನೆ ಬಿಡಿ. ಎರಡನೇ ಮಳೆಗಾಲದಲ್ಲಿ ಕಳಲೆ ಏಳುತ್ತದೆ. ಮಣ್ಣಿಂದ ಬಂದ ದಪ್ಪವೇ ಕೊನೆಯವರೆಗೂ, ಆಮೇಲೆ ಗಳ ಊದುವುದಿಲ್ಲ. ಎತ್ತರವೂ ಎರಡು ಮೂರು ತಿಂಗಳಲ್ಲೇ ಮುಗಿಯುತ್ತದೆ. ನಮ್ಮಲ್ಲಿ ಬಾಲ್ಕನಿ ಪೂರ್ತಿ ಮರೆಯಾದದ್ದು ಮೂರನೇ ವರ್ಷ.

ಕತ್ತರಿಸುವುದರಲ್ಲೇ ಜಾಸ್ತಿ ಜನ ತಪ್ಪುತ್ತಾರೆ. ಸುತ್ತಲೂ ಸವರಿ ಒಳಗೆ ಹಾಗೇ ಬಿಟ್ಟರೆ ಮೆಳೆ ಉಸಿರುಗಟ್ಟುತ್ತದೆ. ತೆಗೆಯಬೇಕಾದ್ದು ನಡುವಿನ ಹಳೇ ಗಳ, ಮೂರು ವರ್ಷ ದಾಟಿದ್ದು. ವಯಸ್ಸು ತಿಳಿಯುವುದು ಹೇಗೆ? ಹೊಸ ಗಳದ ಮೇಲೆ ಬೂದಿಯಂತೆ ಬಿಳಿ ಪುಡಿ ಇರುತ್ತದೆ, ಗಿಣ್ಣಿಗೆ ಒಣ ಹಾಳೆ ಅಂಟಿರುತ್ತದೆ. ಹಳೆಯದು ಮಂಕು. ನಾನು ದಸರೆ ರಜೆಯಲ್ಲಿ ಆ ವರ್ಷ ಹುಟ್ಟಿದ ಗಳಕ್ಕೆಲ್ಲ ಒಂದೊಂದು ಚುಕ್ಕಿ ಪೇಂಟ್ ಇಡುತ್ತೇನೆ, ವರ್ಷಕ್ಕೊಂದು ಬಣ್ಣ. ನೀಲಿ ಚುಕ್ಕಿಯದ್ದು ಈ ಸಲ ಹೋಗಬೇಕು.

ಚಳಿಗಾಲದಲ್ಲಿ ಕಡಿಯಿರಿ, ಕಳಲೆ ಏಳುವಾಗ ಬೇಡ. ಗಿಣ್ಣಿನ ಮೇಲಕ್ಕೇ ಒತ್ತಿ ಕತ್ತರಿಸಿ. ಮೇಲೆ ನಾಲ್ಕು ಬೆರಳು ಬಿಟ್ಟರೂ ಅದು ಲೋಟವಾಗಿ ಮಳೆ ನೀರು ನಿಲ್ಲುತ್ತದೆ, ಸೊಳ್ಳೆ ಮೊಟ್ಟೆ ಇಡುತ್ತದೆ. ತುದಿಯನ್ನು 12 ಅಡಿಗೆ ಚಿವುಟಿದರೆ ಆ ಗಳ ಮತ್ತೆ ಎತ್ತರ ಹೋಗುವುದಿಲ್ಲ, ಪಕ್ಕದ ರೆಂಬೆಯಲ್ಲಿ ಎಲೆ ತುಂಬುತ್ತದೆ.

ಕಡಿದ ಗಳ ಬಿಸಾಡಬೇಡಿ. ಅವರೆ, ಹೀರೆ ಹಬ್ಬಿಸಲು ಅದಕ್ಕಿಂತ ಒಳ್ಳೆ ಕೋಲಿಲ್ಲ. ಹೋದ ಸಲದ ಒಂದು ಕಟ್ಟನ್ನು ಬಾಲ್ಕನಿಯವರೇ ಕೇಳಿ ಒಯ್ದರು, ಟೊಮೆಟೊ ಕುಂಡಗಳಿಗೆ.