ಸ್ವೇಲ್‌ಡೇಲ್‌ನ ಕಲ್ಲಿನ ಕೊಟ್ಟಿಗೆ ಅಳೆದಿದ್ದು

ಇಂಗ್ಲೆಂಡಿನ ಯಾರ್ಕ್‌ಷೈರ್‌ನಲ್ಲಿ ಸ್ವೇಲ್‌ಡೇಲ್ ಅಂತ ಒಂದು ಕಣಿವೆ. ಮ್ಯೂಕರ್‌ನಿಂದ ಗನ್ನರ್‌ಸೈಡ್ ಕಡೆ ನಡೆದರೆ ಹುಲ್ಲುಗಾವಲಿನ ನಡುವೆ ಅಲ್ಲಲ್ಲಿ ಒಂಟಿ ಕಲ್ಲಿನ ಕಟ್ಟಡಗಳು ಕಾಣುತ್ತವೆ. ಮನೆಗಳಲ್ಲ, ದನದ ಕೊಟ್ಟಿಗೆಗಳು. ಬಹುಪಾಲು 18, 19ನೇ ಶತಮಾನದವು. ಅಲ್ಲಿನವರ ಬಾಯಲ್ಲಿ 'ಕೌಸ್', ಅಂದರೆ ಕೌ-ಹೌಸ್. 1989ರಲ್ಲಿ ಈ ಕೊಟ್ಟಿಗೆ, ಕಲ್ಲಿನ ಬೇಲಿಗಳಿಗಾಗಿಯೇ ಇಲ್ಲಿ ಸಂರಕ್ಷಿತ ಪ್ರದೇಶ ಗುರುತಿಸಿದರು. ರಿಪೇರಿಗೆ ಮುಂಚೆ ಅಂಥದ್ದೊಂದರ ನಕ್ಷೆ ಬರೆಯುವ ಕೆಲಸ ನನಗೆ ಬಂತು. ಸಣ್ಣ ಕಟ್ಟಡ, ಒಂದೇ ದಿನ ಸಾಕು ಅಂದುಕೊಂಡೆ. ಮೂರು ದಿನ ಹಿಡಿಯಿತು.

ಮೊದಲ ದಿನ ಒಳಗಿನ ನಾಲ್ಕು ಗೋಡೆ ಅಳೆದೆ. ಬಾಗಿಲ ಹತ್ತಿರ ಗೋಡೆಯ ದಪ್ಪ 62 ಸೆಂ.ಮೀ. ಎಲ್ಲ ಕಡೆ ಅಷ್ಟೇ ಇರುತ್ತೆ ಅಂತ ಬರೆದುಕೊಂಡೆ. ರಾತ್ರಿ ಕೂತು ಗೆರೆ ಎಳೆದರೆ ಕೊನೆಯ ಮೂಲೆ ಕೂಡಿಕೊಳ್ಳಲೇ ಇಲ್ಲ, ಒಂದು ಗೇಣು ಬಾಕಿ! ಮೂಲೆಯಿಂದ ಮೂಲೆಗೆ ಅಡ್ಡ ಅಳತೆ ತೆಗೆದಿರಲಿಲ್ಲ. ಮೂಲೆಮಟ್ಟ ಸರಿಯಿದೆ ಅಂತ ಸುಮ್ನೆ ನಂಬಿದ್ದೆ. ಮರುದಿನ ಎರಡೂ ಅಡ್ಡ ಅಳತೆ, ಪ್ರತಿ ಕಂಡಿಯ ಹತ್ತಿರ ಗೋಡೆಯ ದಪ್ಪ, ಎಲ್ಲ ಮತ್ತೆ ಮೊದಲಿಂದ.

ಅಳತೆ ಸರಿಯಾದರೂ ಕಟ್ಟಡ ಅರ್ಥವಾಗಿರಲಿಲ್ಲ. ಗೋಡೆಯಲ್ಲಿ ಕಂಡಿಗಳು ಎಲ್ಲೆಂದರಲ್ಲಿ. ಇಳಿಜಾರಿನ ಮೇಲ್ಬದಿಗೆ ಎತ್ತರದಲ್ಲಿ ಮರದ ಕದವಿರುವ ಒಂದು ಚೌಕ. ನೆಲಕ್ಕೆ ಹತ್ತಿರ ಇನ್ನೊಂದು ಪುಟ್ಟದು. ಅದರ ಪಕ್ಕ 'ಕಿಟಕಿ' ಅಂತ ಬರೆದೆ. ಮೊಣಕಾಲೆತ್ತರದಲ್ಲಿ ಯಾರಿಗೆ ಕಿಟಕಿ ಬೇಕು? ಮಲೆನಾಡಿನ ಮನೆಯಲ್ಲಿ ಸಗಣಿ ಬಾಚಿ ಬೆಳೆದವನಿಗೆ ಇದು ಹೊಳೆಯಲಿಲ್ಲವಲ್ಲ ಅಂತ ಆಮೇಲೆ ನಾಚಿಕೆಯಾಯಿತು. ಅದು ಸಗಣಿ ಹೊರಗೆ ತಳ್ಳುವ ಕಂಡಿ. ಮೇಲಿನ ಚೌಕದಿಂದ ಒಣಹುಲ್ಲು ಒಳಕ್ಕೆ.

ಆಗ ಪೆನ್ಸಿಲ್ ತಗೊಂಡು ನಕ್ಷೆಯಲ್ಲಿ ನಾಲ್ಕು ಹಸು ಬರೆದೆ. ಎರಡೆರಡು ಹಸುಗಳ ನಡುವೆ ಚಪ್ಪಡಿಯ ತಡೆ, ಅದಕ್ಕೆ ಬೋಸ್ಕಿನ್ ಅನ್ನುತ್ತಾರೆ. ಬಾಲದ ಕಡೆ ಗಂಜಲದ ಕಾಲುವೆ. ಉಳಿದ ಜಾಗ ನೆಲದಿಂದ ಮಾಡಿನವರೆಗೆ ಹುಲ್ಲಿಗೆ. ನಮ್ಮಲ್ಲಿ ಹುಲ್ಲನ್ನು ಮನೆಗೆ ಹೊತ್ತು ತಂದು ಬಣವೆ ಹಾಕುತ್ತೇವೆ, ಅಲ್ವಾ? ಇಲ್ಲಿ ಹುಲ್ಲು ಬೆಳೆದಲ್ಲೇ ಕೊಟ್ಟಿಗೆ, ಹಿಂದೆಲ್ಲ ಚಳಿಗಾಲವಿಡೀ ಹಸು ಅಲ್ಲೇ. ರೈತ ದಿನಕ್ಕೆರಡು ಸಲ ನಡೆದು ಬಂದು ಹಾಲು ಕರೆದು, ಕ್ಯಾನನ್ನು ಬೆನ್ನಿಗೆ ಕಟ್ಟಿಕೊಂಡು ಹೋಗುತ್ತಿದ್ದ. ಗೊಬ್ಬರ ಅದೇ ಹುಲ್ಲುಗಾವಲಿಗೆ.

ಮೂರನೇ ದಿನ ಹೊರಗೋಡೆಗೆ. ಸಾಲುಸಾಲಾಗಿ ಕೆಲವು ಕಲ್ಲುಗಳು ಹೊರಕ್ಕೆ ಮೂತಿ ಚಾಚಿಕೊಂಡಿದ್ದವು. ಕತ್ತರಿಸಲು ಸೋಮಾರಿತನ ಅಂತ ಮೊದಲು ತಿಳಿದಿದ್ದೆ. ಇವು 'ಥ್ರೂ' ಕಲ್ಲುಗಳು. ಗೋಡೆ ಅಂದರೆ ನಿಜಕ್ಕೂ ಎರಡು ಗೋಡೆ, ನಡುವೆ ಚೂರುಕಲ್ಲು ತುಂಬಿರುತ್ತದೆ. ಎರಡನ್ನೂ ಹಿಡಿದು ಕಟ್ಟುವುದು ಈ ಉದ್ದ ಕಲ್ಲುಗಳೇ. ಒಂದೊಂದನ್ನೂ ಅಳೆದು ಗುರುತು ಹಾಕಿದೆ. ಬೇಜಾರಿನ ಕೆಲಸ. ಆದರೆ ಒಂದು ಕಡೆ ಸುಮಾರು ಎರಡು ಮೀಟರ್ ಉದ್ದಕ್ಕೆ ಥ್ರೂ ಒಂದೂ ಇಲ್ಲ. ತೂಕದಗುಂಡು ಇಳಿಬಿಟ್ಟು ನೋಡಿದರೆ ಗೋಡೆ ಹೊಟ್ಟೆ ಬಿಟ್ಟಿದ್ದೂ ಸರಿಯಾಗಿ ಅಲ್ಲೇ.

ಮಾಡಿನ ಕಲ್ಲಿನ ಹಲಗೆಗಳನ್ನು ನೆಲದಿಂದಲೇ ಫೋಟೋ ತೆಗೆದು ಸಾಲು ಎಣಿಸಿದೆ. ಸೂರಿನ ಹತ್ತಿರ ದೊಡ್ಡವು, ಮೇಲೆ ಹೋದಷ್ಟೂ ಚಿಕ್ಕವು.

ರಿಪೇರಿಗೆ ಬಂದ ಕಲ್ಲು ಕೆಲಸದವರು ನಾನು ಕಷ್ಟಪಟ್ಟು ಕೂಡಿಸಿದ ಮೂಲೆಗಳತ್ತ ಕಣ್ಣೂ ಹಾಯಿಸಲಿಲ್ಲ. ಥ್ರೂ ಗುರುತಿನ ಹಾಳೆ ಮಾತ್ರ ಮಡಿಸಿ ಜೇಬಿಗಿಟ್ಟುಕೊಂಡು, ಹೊಟ್ಟೆ ಬಿಟ್ಟ ಕಡೆ ಗೋಡೆ ಬಿಚ್ಚಲು ಹೋದರು.