ಕೈಸ್–ಯಮನ್ ಕಲಹ: ನಾನು ಪಾಠ ಮಾಡುವ ಬಗೆ

ಏಳು–ಎಂಟನೆಯ ಶತಮಾನಗಳಲ್ಲಿ ದಮಾಸ್ಕಸ್‌ನಿಂದ ಆಳಿದ ಖಲೀಫರ ಮನೆತನವಾದ ಉಮಯ್ಯದರ ಕಾಲದ ಪಾಠವನ್ನು ಖಲೀಫರ ಹೆಸರುಗಳ ಪಟ್ಟಿಯಿಂದ ಆರಂಭಿಸುವುದನ್ನು ಬಿಟ್ಟಿದ್ದೇನೆ. ಆ ಕಾಲದ ಅರಬ್ ಬುಡಕಟ್ಟುಗಳ ಎರಡು ಬಣಗಳಾದ ಕೈಸ್ ಮತ್ತು ಯಮನ್ ನಡುವಿನ ಕಲಹವನ್ನು ಹೇಳಲು ನಮ್ಮ ಪದವಿ ತರಗತಿಯಲ್ಲಿ ಮೊದಲು ಬರುವುದು ಒಂದು ಮದುವೆ. ಸಿರಿಯಾದ ಮರುಭೂಮಿಯ ಕಲ್ಬ್ ಬುಡಕಟ್ಟಿನ ಮೈಸೂನಳನ್ನು ಮುಂದೆ ಮೊದಲ ಉಮಯ್ಯದ್ ಖಲೀಫನಾದ ಮುಆವಿಯಾ ಮದುವೆಯಾದ. ಅವರ ಮಗ ಯಜೀದ್ ಖಲೀಫನಾದ. ಕಲ್ಬರು ಖಲೀಫನ ಸೋದರಮಾವಂದಿರ ಮನೆಯವರಾದರು ಎಂದರೆ ಸಾಕು, ಅರ್ಧ ರಾಜಕೀಯವನ್ನು ವಿದ್ಯಾರ್ಥಿಗಳೇ ಹೇಳಿಬಿಡುತ್ತಾರೆ.

ಆಮೇಲೆ ನಕ್ಷೆ. ಉತ್ತರ ಸಿರಿಯಾದ ಕಿನ್ನಸ್ರೀನ್ ಮತ್ತು ಯೂಫ್ರಟಿಸ್‌ ಆಚೆಯ ಜಜೀರಾದಲ್ಲಿ ಕೈಸ್ ಗುಂಪಿನವರನ್ನು ಗುರುತಿಸುತ್ತೇವೆ. 683ರಲ್ಲಿ ಯಜೀದ್, ಮರುವರ್ಷ ಅವನ ಮಗ ತೀರಿಕೊಂಡಾಗ ಇವರು ಮೆಕ್ಕಾದಲ್ಲಿ ಖಲೀಫ ಪಟ್ಟಕ್ಕೆ ಹಕ್ಕು ಸಾಧಿಸುತ್ತಿದ್ದ ಇಬ್ನ್ ಜುಬೈರ್ ಕಡೆ ವಾಲಿದರು. ಕಲ್ಬರಿಗೆ ತಮ್ಮ ಸವಲತ್ತುಗಳ ಚಿಂತೆ. ಸಿರಿಯಾದ ಜಾಬಿಯಾದಲ್ಲಿ ಸೇರಿ ಉಮಯ್ಯದ್ ಮನೆತನದ ಮರ್ವಾನನನ್ನು ಖಲೀಫನಾಗಿ ಆರಿಸಿದರು. 684ರಲ್ಲಿ ದಮಾಸ್ಕಸ್ ಬಳಿಯ ಮರ್ಜ್ ರಾಹಿತ್‌ನಲ್ಲಿ ಯುದ್ಧವಾಯಿತು. ಕೈಸರು ಸೋತರು, ಅವರ ನಾಯಕ ದಹ್ಹಾಕ್ ಸತ್ತ.

ಇಲ್ಲಿ ಯಾರಾದರೂ “ಇವರಲ್ಲಿ ಶಿಯಾ ಯಾರು, ಸುನ್ನಿ ಯಾರು?” ಎಂದು ಕೇಳಿಯೇ ಕೇಳುತ್ತಾರೆ. ಆ ಪ್ರಶ್ನೆಗೆ ನಾನು ಧಾರಾಳವಾಗಿ ಸಮಯ ಕೊಡುತ್ತೇನೆ. ಈ ಜಗಳ ಆ ಗೆರೆಯ ಮೇಲೆ ನಡೆದದ್ದಲ್ಲ. ಕೈಸರನ್ನು ನಡೆಸಿದ ದಹ್ಹಾಕ್ ಮರ್ವಾನನಂತೆಯೇ ಮೆಕ್ಕಾದ ಕುರೈಷ್ ಕುಲದವನು. ಕೆಲವೇ ವರ್ಷಗಳಲ್ಲಿ ಕೈಸರು ಕಾದಾಡಿದ ತಗ್ಲಿಬ್ ಬುಡಕಟ್ಟಿನವರಂತೂ ಕ್ರೈಸ್ತರು, ಅವರ ಕವಿ ಅಖ್ತಲ್ ಉಮಯ್ಯದ್ ಆಸ್ಥಾನದ ಅಚ್ಚುಮೆಚ್ಚಿನವನು! ಸೇನೆಯ ಹುದ್ದೆ, ಪ್ರಾಂತ್ಯದ ಅಧಿಕಾರ, ಖಜಾನೆಯ ಭತ್ಯೆ ಯಾರ ಕೈಗೆ ಎಂದು ಕೇಳಿದರೆ ಉತ್ತರ ಬೇಗ ಸಿಗುತ್ತದೆ.

ನನಗೆ ಅತಿ ಇಷ್ಟದ ಭಾಗ ವಂಶಾವಳಿ. ಅರಬ್ ವಂಶಶಾಸ್ತ್ರಜ್ಞರು ಉತ್ತರದವರನ್ನು ಅದ್ನಾನ್ ಎಂಬ ಮೂಲಪುರುಷನಿಗೆ, ದಕ್ಷಿಣದವರನ್ನು ಕಹ್ತಾನ್ ಎಂಬ ಮೂಲಪುರುಷನಿಗೆ ಕಟ್ಟುತ್ತಾರೆ. ಕಲ್ಬರು ಸೇರಿದ ಖುದಾಆ ಸಮೂಹವನ್ನು ಮಾತ್ರ ಒಬ್ಬರು ಉತ್ತರದ ಮಅದ್ದ್ ವಂಶವೆಂದರೆ ಇನ್ನೊಬ್ಬರು ಯಮನಿನ ಹಿಮ್ಯರ್ ವಂಶವೆನ್ನುತ್ತಾರೆ. ಎರಡೂ ವಂಶವೃಕ್ಷಗಳನ್ನು ವಿದ್ಯಾರ್ಥಿಗಳಿಂದಲೇ ಬರೆಸಿ ಅಕ್ಕಪಕ್ಕ ಇಡಿಸುತ್ತೇನೆ. ಕೈಸರೊಡನೆ ಹಗೆ ಬೆಳೆದ ಮೇಲೆ ಕಲ್ಬರು ಯಮನ್ ಬಣದವರಾಗಿ ಗಟ್ಟಿಯಾದದ್ದನ್ನು ಅದಕ್ಕೆ ಹೊಂದಿಸಿ ನೋಡಿದಾಗ, ರಕ್ತಸಂಬಂಧದಿಂದ ಪಕ್ಷ ಹುಟ್ಟಿತೋ ಪಕ್ಷಕ್ಕೆ ತಕ್ಕ ಅಜ್ಜ ಸಿಕ್ಕನೋ ಎಂಬ ವಾದ ತರಗತಿಯಲ್ಲಿ ತಾನಾಗಿ ಏಳುತ್ತದೆ. ನನ್ನ ಒಲವು ಎರಡನೆಯದರತ್ತ. ಈ ಕಥನಗಳು ಇಂದು ನಮಗೆ ಸಿಗುವ ರೂಪ ಹೆಚ್ಚಾಗಿ ಉಮಯ್ಯದರನ್ನು ಉರುಳಿಸಿ ಬಂದ ಅಬ್ಬಾಸಿದ್ ಖಲೀಫರ ಕಾಲದ್ದು ಎಂಬುದನ್ನೂ ಅಲ್ಲೇ ನೆನಪಿಸುತ್ತೇನೆ.

ಮುಂದಿನದನ್ನು ಬೇಗ ಮುಗಿಸುತ್ತೇನೆ: 744ರಲ್ಲಿ ಖಲೀಫ ಎರಡನೆಯ ವಲೀದನ ಕೊಲೆ, ಯಮನ್ ಬಣದ ಕೈವಾಡ, ಬಳಿಕ ಕೈಸರನ್ನು ನಂಬಿದ ಖಲೀಫ ಎರಡನೆಯ ಮರ್ವಾನ್, ಪೂರ್ವದ ಖುರಾಸಾನ್ ಪ್ರಾಂತ್ಯದಲ್ಲಿ ಅರಬ್ ಬಣಗಳು ಕಚ್ಚಾಡುತ್ತಿರುವಾಗ ಮರ್ವ್ ನಗರ ಹಿಡಿದ ಅಬ್ಬಾಸಿದರ ದಳಪತಿ ಅಬೂ ಮುಸ್ಲಿಂ, ಉಮಯ್ಯದರು ಸೋತ 750ರ ಜಾಬ್ ಯುದ್ಧ. ಅದೇ ಎರಡು ಹೆಸರು ಹೊತ್ತ ಬಣಗಳು 1711ರಲ್ಲಿ ಲೆಬನಾನಿನ ಐನ್ ದಾರಾದಲ್ಲಿ ಮತ್ತೆ ಕಾದಾಡಿದವು. ಅದು ಪಠ್ಯಕ್ರಮದಲ್ಲಿಲ್ಲ, ಪಾಠ ಮುಗಿದ ಮೇಲೂ ಕೂತು ಕೇಳುವವರಿಗೆ ಹೇಳುತ್ತೇನೆ.